ಮನೆಕೂಟದ ಹಾಲ್ ತುಂಬಿದಾಗ

ಮುಂಬಯಿಯಲ್ಲಿ ಮನೆಕೂಟ ನಡೆಸುವ ಕನ್ನಡದವರು ಯಾರೇ ಸಿಗಲಿ, ಕ್ಷೇಮಸಮಾಚಾರ ಮುಗಿಯುತ್ತಿದ್ದಂತೆ ಮೊದಲು ಬರುವುದು ಲೆಕ್ಕ. "ದೇವರ ದಯೆಯಿಂದ ನಮ್ಮಲ್ಲಿ ಈಗ ಇಪ್ಪತ್ತೈದು ಜನ ಆಗಿದ್ದಾರೆ ಬ್ರದರ್, ಹಾಲ್ ಸಾಲೋದಿಲ್ಲ, ಅಡುಗೆಮನೇಲೂ ಕೂರ್ತಾರೆ!" ಕೇಳಿ ಸಂತೋಷಪಡಬೇಕು, ಪಡುತ್ತೇನೆ ಕೂಡ. ಆದರೆ ಒಳಗೊಳಗೇ ಅನ್ನಿಸುವುದು ಬೇರೆ. ಹತ್ತು ಬೈ ಹನ್ನೆರಡರ ಹಾಲ್‌ನಲ್ಲಿ ಇಪ್ಪತ್ತೈದು ಜನ ಕೂತರೆ ಅದು ಕೂಟವಲ್ಲ ಸ್ವಾಮಿ, ಸಂಜೆ ಏಳರ ಕಲ್ಯಾಣ್ ಫಾಸ್ಟ್. ಪಕ್ಕದವನ ಮೊಣಕೈ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ.

ಕ್ರೈಸ್ತರಲ್ಲದ ಓದುಗರಿಗೆ ಒಂದು ಮಾತು. ಮನೆಕೂಟ ಅಂದರೆ ಭಾನುವಾರದ ಚರ್ಚಿನ ಆರಾಧನೆ ಅಲ್ಲ. ವಾರದಲ್ಲಿ ಒಂದು ಸಂಜೆ ಆರೇಳು ಮನೆಯವರು ಯಾರಾದರೊಬ್ಬರ ಮನೆಯಲ್ಲಿ ಸೇರಿ ಒಂದೆರಡು ಹಾಡು ಹಾಡಿ, ಸತ್ಯವೇದದ ಒಂದು ಭಾಗ ಓದಿ, ಅದರ ಬಗ್ಗೆ ಮಾತಾಡಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ, ಚಹಾ ಕುಡಿದು ಹೋಗುವುದು. ಅಷ್ಟೇ. ಭಜನಾ ಮಂಡಳಿಯ ದೂರದ ನೆಂಟ ಅನ್ನಿ. ಕೆಲವರು 'ಸೆಲ್ ಗ್ರೂಪ್' ಅನ್ನುತ್ತಾರೆ, ಕೆಲವರಿಗೆ ಇನ್ನೂ 'ಪ್ರೇಯರ್ ಮೀಟಿಂಗ್'. ಮಂಗಳೂರು ಕಡೆಯ ಕ್ಯಾಥೊಲಿಕರಲ್ಲಿ ವಾಳೆ, ಅದಕ್ಕೊಬ್ಬ ಗುರ್ಕಾರ್ ಅನ್ನುವ ಹಳೆಯ ಏರ್ಪಾಡೇ ಉಂಟು. ಊರು ಬಿಟ್ಟು ಬಂದ ನಮಗಂತೂ ಇದು ವಾರಕ್ಕೊಮ್ಮೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಕನ್ನಡ ಕೇಳಿಸುವ ಜಾಗ.

ಇದು ಹೊಸ ಪದ್ಧತಿಯೂ ಅಲ್ಲ. ಹೊಸ ಒಡಂಬಡಿಕೆಯ ಪ್ರಿಸ್ಕಿಲ್ಲ, ಅಕ್ವಿಲ ದಂಪತಿಯನ್ನು ನೆನೆಸಿಕೊಳ್ಳಿ. ಅಕ್ವಿಲ ಹುಟ್ಟಿದ್ದು ಕಪ್ಪು ಸಮುದ್ರದ ದಡದ ಪೊಂತ ಸೀಮೆಯಲ್ಲಿ, ಬದುಕಿದ್ದು ರೋಮಿನಲ್ಲಿ. ಕ್ರಿ.ಶ. 49ರ ಸುಮಾರಿಗೆ ಚಕ್ರವರ್ತಿ ಕ್ಲೌದಿಯ ಯೆಹೂದ್ಯರನ್ನೆಲ್ಲ ರೋಮಿನಿಂದ ಹೊರಗೆ ಅಟ್ಟಿದಾಗ ಇಬ್ಬರೂ ಕೊರಿಂಥಕ್ಕೆ ಬಂದು ಗುಡಾರ ಹೊಲಿದು ಹೊಟ್ಟೆ ಹೊರೆದರು. ಅಲ್ಲಿಂದ ಎಫೆಸ. ಆಮೇಲೆ ಮತ್ತೆ ರೋಮು. ಪೌಲನ ಪತ್ರಗಳಲ್ಲಿ ಎಫೆಸದ ಅವರ ಮನೆಯಲ್ಲೂ ಸಭೆ ಸೇರುತ್ತದೆ, ರೋಮಿನ ಅವರ ಮನೆಯಲ್ಲೂ ಸೇರುತ್ತದೆ. ಅಂದರೆ ಮನೆಕೂಟದ ಮೊದಲ ಹೆಸರಾಂತ ಯಜಮಾನರು ನಮ್ಮ ಹಾಗೇ ಗಂಟುಮೂಟೆ ಕಟ್ಟಿಕೊಂಡು ಊರೂರು ತಿರುಗಿದ ವಲಸಿಗರು! ಈ ವಿಷಯ ನನಗೆ ಯಾವತ್ತೂ ಧೈರ್ಯ ಕೊಟ್ಟಿದೆ. ಡೆಪಾಸಿಟ್ ಕೊಟ್ಟು ಹನ್ನೊಂದು ತಿಂಗಳ ಅಗ್ರಿಮೆಂಟ್ ಮೇಲೆ ಬದುಕುವವರೂ ಕೂಟ ನಡೆಸಬಹುದು.

ಇರಲಿ, ಲೆಕ್ಕಕ್ಕೆ ಬರೋಣ. ಎಂಟು ಜನರ ಕೂಟದಲ್ಲಿ ಇಬ್ಬಿಬ್ಬರ ನಡುವಿನ ನಂಟು ಎಣಿಸಿದರೆ 28. ಹನ್ನೆರಡು ಜನರಾದರೆ 66. ಇಪ್ಪತ್ತೈದಕ್ಕೆ 300! ಮುನ್ನೂರು ನಂಟು ಒಂದು ಹಾಲ್‌ನಲ್ಲಿ ಹುಟ್ಟುವುದಿಲ್ಲ. ಹಾಗಾಗಿ ಮೂರು ನಾಲ್ಕು ಜನ ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಒಂದೂವರೆ ಗಂಟೆಯ ಕೂಟದಲ್ಲಿ ಹಾಡು, ಓದು, ಚಹಾ ಕಳೆದು ಮುಕ್ಕಾಲು ಗಂಟೆ ಉಳಿಯಿತು ಅಂದುಕೊಳ್ಳಿ. ತಲೆಗೆ ಎರಡು ನಿಮಿಷವೂ ಇಲ್ಲ. ಎರಡು ನಿಮಿಷದಲ್ಲಿ ಯಾರು ತಾನೇ "ನನ್ನ ಮಗ ಕುಡಿಯೋಕೆ ಶುರುಮಾಡಿದ್ದಾನೆ" ಅಂತ ಹೇಳುತ್ತಾರೆ? "ಎಲ್ಲಾ ಚೆನ್ನಾಗಿದೆ, ಸ್ತೋತ್ರ" ಅಂದು ಮುಗಿಸುತ್ತಾರೆ.

ಮೊದಲು ಸುಮ್ಮನಾಗುವವರು ಯಾರು ಅಂತ ಗಮನಿಸಿದ್ದೀರಾ? ನೈಟ್ ಶಿಫ್ಟ್ ಮುಗಿಸಿ ಬಂದ ನರ್ಸ್, ನಾಲ್ಕು ಮನೆ ಕೆಲಸ ಮುಗಿಸಿ ಬಂದ ಅಕ್ಕ, ಮೊನ್ನೆ ಮೊನ್ನೆ ಬೀದರಿನಿಂದ ಬಂದು ಸೆಕ್ಯೂರಿಟಿ ಕೆಲಸಕ್ಕೆ ಸೇರಿದ ಹುಡುಗ. ಯಾರಿಗಾಗಿ ಕೂಟ ಬೇಕೋ ಅವರೇ. ಅವರು ಬರುವುದನ್ನು ನಿಲ್ಲಿಸಿದರೂ ಇಪ್ಪತ್ತೈದರಲ್ಲಿ ಯಾರಿಗೂ ತಿಳಿಯುವುದಿಲ್ಲ. ಎಂಟರಲ್ಲಿ ತಿಳಿಯುತ್ತದೆ, ಅದೇ ರಾತ್ರಿ ಫೋನೂ ಹೋಗುತ್ತದೆ.

ನನಗೆ ತುಂಬ ಇಷ್ಟವಾದ ಚರಿತ್ರೆಯೊಂದಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಜಾನ್ ವೆಸ್ಲಿಯ ಜನ ಕಟ್ಟಿದ್ದ ಸಭಾಮಂದಿರದ ಸಾಲ ತೀರಿರಲಿಲ್ಲ. ಏನು ಮಾಡುವುದು ಅಂತ ಚರ್ಚೆ. ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಅಂತ ಫಾಯ್ ಎಂಬ ಹಡಗಿನ ಕ್ಯಾಪ್ಟನ್ ಹೇಳಿದ. ಬಡವರು ಎಲ್ಲಿಂದ ಕೊಟ್ಟಾರು ಅಂತ ಇನ್ನೊಬ್ಬ ಕೇಳಿದ. ಹಾಗಾದರೆ ಹನ್ನೊಂದು ಮಂದಿ ಬಡವರನ್ನೇ ನನಗೆ ವಹಿಸಿ, ಅವರು ಕೊಟ್ಟರೆ ಸರಿ, ಇಲ್ಲದಿದ್ದರೆ ಅವರ ಪಾಲನ್ನು ನಾನೇ ಹಾಕುತ್ತೇನೆ ಎಂದನಂತೆ ಫಾಯ್. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪಾಯಿತು. ಗುಂಪಿನ ಮುಖಂಡ ಪೆನ್ನಿ ವಸೂಲಿಗೆ ವಾರವಾರ ಮನೆಮನೆಗೆ ಹೋದಾಗ ಕಾಯಿಲೆ ಬಿದ್ದವರು, ಜಗಳವಾಡಿದವರು, ಕುಡಿತಕ್ಕೆ ಬಿದ್ದವರು, ಎಲ್ಲ ಕಣ್ಣಿಗೆ ಬಿದ್ದರು. ಸಾಲ ತೀರಿಸಲು ಮಾಡಿದ ಏರ್ಪಾಟೇ ಮೆಥಡಿಸ್ಟರ 'ಕ್ಲಾಸ್ ಮೀಟಿಂಗ್' ಆಯಿತು! ಅದರ ಮುಖಂಡರು ಓದಿದ ಪಾದ್ರಿಗಳಲ್ಲ, ಕೂಲಿ ಕಸುಬಿನವರು. ಹೆಂಗಸರೂ ಇದ್ದರು.

ನಮ್ಮ ಕಾಲಕ್ಕೆ ಬಂದರೆ ಎಲ್ಲರೂ ಉದಾಹರಿಸುವುದು ದಕ್ಷಿಣ ಕೊರಿಯಾದ ಡೇವಿಡ್ ಯಾಂಗಿ ಚೋ ಅವರನ್ನು. 1958ರಲ್ಲಿ ಶುರುವಾದ ಸೋಲ್ ನಗರದ ಅವರ ಸಭೆ 1964ರ ಹೊತ್ತಿಗೆ ಒಬ್ಬನ ಕೈಗೆ ಮೀರಿ ಬೆಳೆದಿತ್ತು. ಅವರು ದಣಿದು ವೇದಿಕೆಯಲ್ಲೇ ಕುಸಿದರು. ಮನೆಕೂಟಗಳನ್ನು ನಡೆಸಿಕೊಡಲು ಗಂಡಸರು ಹಿಂದೇಟು ಹಾಕಿದಾಗ ಹೆಂಗಸರು ಮುಂದೆ ಬಂದರು. ಅಲ್ಲಿಂದ ಅದು ಜಗತ್ತಿನ ಅತಿ ದೊಡ್ಡ ಸಭೆಗಳಲ್ಲಿ ಒಂದಾಯಿತು. ನಮ್ಮವರು ಈ ಕಥೆಯಲ್ಲಿ ಕೊನೆಯ ಲಕ್ಷಗಳ ಸಂಖ್ಯೆಯನ್ನಷ್ಟೇ ಹಿಡಿದುಕೊಳ್ಳುತ್ತಾರೆ. ಅದೇ ಚೋ 2014ರಲ್ಲಿ ಸಭೆಯ ಹಣಕ್ಕೆ ನಷ್ಟ ಮಾಡಿದ ಮೊಕದ್ದಮೆಯಲ್ಲಿ ಶಿಕ್ಷೆಗೊಳಗಾದದ್ದು ಯಾರಿಗೂ ನೆನಪಿಲ್ಲ. ನನ್ನ ಮಟ್ಟಿಗೆ ಆ ಕಥೆಯಲ್ಲಿ ಕಲಿಯಬೇಕಾದದ್ದು ಒಬ್ಬನೇ ಹೊತ್ತರೆ ಬೀಳುತ್ತಾನೆ ಎಂಬುದು, ಮತ್ತೆ ಆ ಹೆಂಗಸರು. ನಮ್ಮ ಕೂಟಗಳಲ್ಲಿ ಅಕ್ಕಂದಿರು ಚಹಾ ಮಾಡುತ್ತಾರೆ, ಅಣ್ಣಂದಿರು ವಾಕ್ಯ ಹೇಳುತ್ತಾರೆ. ಒಂದು ತಿಂಗಳು ಅದಲುಬದಲು ಮಾಡಿ ನೋಡಿ. ವಾಕ್ಯ ಚೆನ್ನಾಗಿರುತ್ತದೆ, ಚಹಾದ ಬಗ್ಗೆ ಗ್ಯಾರಂಟಿ ಇಲ್ಲ :-)

ಚಹಾದ ಮಾತು ಬಂತು. ತಮಾಷೆ ಅಲ್ಲ, ಎಷ್ಟೋ ಕೂಟಗಳು ಸತ್ತಿರುವುದು ತಿಂಡಿಯಿಂದ. ಮೊದಲ ಮನೆಯಲ್ಲಿ ಚಹಾ ಬಿಸ್ಕೆಟ್. ಎರಡನೇ ಮನೆಯಲ್ಲಿ ಬೋಂಡಾ. ಮೂರನೆಯವರು ನೀರ್‌ದೋಸೆ, ಕೋಳಿಸಾರು. ನಾಲ್ಕನೇ ಸರದಿ ಆ ಮನೆಕೆಲಸದ ಅಕ್ಕನದು. "ಈ ವಾರ ನಮ್ಮಲ್ಲಿ ಬೇಡ, ಹುಷಾರಿಲ್ಲ" ಅನ್ನುತ್ತಾಳೆ. ಮುಂದಿನ ತಿಂಗಳೂ ಹುಷಾರಿಲ್ಲ. ಆಮೇಲೆ ಅವಳೇ ಬರುವುದಿಲ್ಲ. ಆದ್ದರಿಂದ ಚಹಾ ಮತ್ತು ಒಂದು ತಿಂಡಿ, ಅದೂ ಅಂಗಡಿಯದ್ದಾದರೂ ಸರಿ, ಇದು ಶಾಸನವಾಗಬೇಕು. ಶ್ರೀಮಂತರ ಮನೆಯಲ್ಲಿ ಅದನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಪಾಲಿಸಬೇಕು. ಕೂಟ ಚಾಳ್‌ನ ಖೋಲಿಗೂ ಹೋಗಬೇಕು. ನೆಲದ ಮೇಲೆ ಮೊಣಕಾಲು ತಾಗಿಸಿಕೊಂಡು ಕೂತು ಬಂದವನಿಗೆ ಆ ಮನೆಯವರ ಪ್ರಾರ್ಥನೆಯ ವಿಷಯ ಬೇರೆ ಥರ ಅರ್ಥವಾಗುತ್ತದೆ.

ಇನ್ನು ನೆರೆಹೊರೆ. ಕಾರಿಡಾರಿನಲ್ಲಿ ಇಪ್ಪತ್ತೈದು ಜೊತೆ ಚಪ್ಪಲಿ ಬಿದ್ದಿದ್ದರೆ ಸೊಸೈಟಿಯ ಸೆಕ್ರೆಟರಿ ಕೇಳದೆ ಬಿಡುತ್ತಾನೆಯೇ? ನಂಬಿದ್ದನ್ನು ಆಚರಿಸುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿದೆ, ಸರಿ. ಆದರೆ ಹತ್ತು ಬೈ ಹನ್ನೆರಡರ ಕೋಣೆಗೆ ಮೈಕ್ ಯಾಕೆ? (ನಿಜವಾಗಿ ನೋಡಿದ್ದೇನೆ, ಸ್ಪೀಕರ್ ಸಮೇತ!) ದೇವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಈಗಿನ ದಿನಗಳಲ್ಲಿ ನಾಲ್ಕು ಕ್ರೈಸ್ತರು ಸೇರಿದರೆ ಮತಾಂತರ ಎಂಬ ಗುಮಾನಿ ಏಳುತ್ತದೆ. ಬೇರೆ ಬೇರೆ ಊರುಗಳಲ್ಲಿ ಕೂಟಗಳಿಗೆ ನುಗ್ಗಿ ಗಲಾಟೆ ಮಾಡಿದ್ದೂ ಇದೆ. ಅದು ತಪ್ಪು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ನಮ್ಮ ಕಡೆಯಿಂದ ಆಗಬೇಕಾದದ್ದು ಆಗಲಿ. ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಬಾಗಿಲು ಮುಚ್ಚಿ ಗುಟ್ಟು ಮಾಡಬೇಡಿ, ಒಂಬತ್ತಕ್ಕೆ ಮುಗಿಸಿ. ಕಾಯಿಲೆಯವರು ಪ್ರಾರ್ಥನೆಗೆ ಬಂದರೆ ಪ್ರಾರ್ಥಿಸಿ, ಔಷಧಿ ಬಿಡಿ ಅಂತ ಮಾತ್ರ ಅಪ್ಪಿತಪ್ಪಿಯೂ ಹೇಳಬೇಡಿ. ಕಷ್ಟದಲ್ಲಿರುವವರ ಮೇಲೆ ನಂಬಿಕೆಯನ್ನು ಹೇರುವುದು ಸುವಾರ್ತೆಯಲ್ಲ.

ಹಾಗಾದರೆ ಕೂಟ ಬೆಳೆಯಬಾರದೇ? ಬೆಳೆಯಬೇಕು, ಒಡೆದು ಬೆಳೆಯಬೇಕು. ಹನ್ನೆರಡು ಹದಿನಾಲ್ಕು ಆಗುತ್ತಿದ್ದಂತೆ ಎರಡಾಗಬೇಕು. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಟ್ಟಿರಬೇಕು. ಮುಖಂಡನ ಪಕ್ಕದಲ್ಲಿ ಮೊದಲ ವಾರದಿಂದಲೇ ಇನ್ನೊಬ್ಬರು ಕಲಿಯುತ್ತಿರಬೇಕು. ಅವರು ನಡೆಸುವಾಗ ಮುಖಂಡ ಬಾಯಿ ಮುಚ್ಚಿಕೊಂಡಿರಬೇಕು, ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ನಮ್ಮಲ್ಲಿ ಮುಖಂಡ ಅಂದರೆ ಅರ್ಧ ಗಂಟೆ ಪ್ರಸಂಗ ಮಾಡುವವನು ಅಂತ ತಿಳಿದಿದ್ದೇವೆ. ಪೌಲನೇ ಮಧ್ಯರಾತ್ರಿವರೆಗೆ ಮಾತಾಡಿದಾಗ ಯೂತಿಕ ಎಂಬ ಹುಡುಗ ನಿದ್ದೆಹೋಗಿ ಮೂರನೇ ಅಂತಸ್ತಿನ ಕಿಟಕಿಯಿಂದ ಕೆಳಗೆ ಬಿದ್ದ! ಪ್ರಸಂಗಕ್ಕೆ ಭಾನುವಾರ ಇದೆ. ಇಲ್ಲಿ ಓದಿದ್ದರ ಮೇಲೆ ಎರಡು ಪ್ರಶ್ನೆ ಕೇಳಿ ಸುಮ್ಮನೆ ಕೂತರೆ ಸಾಕು. ಒಂದು ನಿಮಿಷದ ಮೌನ ಸಹಿಸಿಕೊಂಡರೆ ಯಾರಾದರೂ ಮಾತಾಡಿಯೇ ಆಡುತ್ತಾರೆ.

ಒಡೆಯುವುದು ಅಂದ ಕೂಡಲೇ ಅಳು. ನಮ್ಮ ಕೂಟ ಎರಡಾಗುವ ಮಾತು ಬಂದಾಗ ಎಪ್ಪತ್ತು ದಾಟಿದ ಅಮ್ಮನೊಬ್ಬರು "ಊರು ಬಿಟ್ಟಾಗ ಒಮ್ಮೆ ಎಲ್ಲರನ್ನೂ ಬಿಟ್ಟು ಬಂದೆ, ಇನ್ನೊಮ್ಮೆ ಬಿಡಿಸಬೇಡಿ" ಅಂದರು. ಇದಕ್ಕೆ ಏನು ಉತ್ತರ ಕೊಡುತ್ತೀರಿ? ವಲಸೆ ಬಂದವರಿಗೆ ಅಗಲುವುದು ಅಂದರೆ ಹಳೇ ಗಾಯ. ಅವರನ್ನು ಬಲವಂತ ಮಾಡಲಿಲ್ಲ, ಅವರಿಗೆ ಯಾವ ಮನೆ ಹತ್ತಿರವೋ ಆ ಕಡೆ ಉಳಿದರು. ತಿಂಗಳಿಗೊಮ್ಮೆ ಎರಡೂ ಕೂಟ ಸೇರಿ ಊಟ ಅಂತ ಗೊತ್ತುಮಾಡಿದೆವು.

ಆದರೆ ಗೆರೆ ಎಲ್ಲಿ ಎಳೆಯುತ್ತೀರಿ ಎಂಬುದರ ಬಗ್ಗೆ ನಾನು ಗಟ್ಟಿಯಾಗಿಯೇ ಹೇಳಬೇಕು. ಇಬ್ಬರು ಕನ್ನಡಿಗರಿದ್ದರೆ ಮೂರು ಸಂಘ ಅಂತ ಮುಂಬಯಿಯಲ್ಲಿ ನಗುತ್ತಾರಲ್ಲ, ಕ್ರೈಸ್ತರಾದ ಮಾತ್ರಕ್ಕೆ ನಾವೇನೂ ಅದಕ್ಕೆ ಹೊರತಲ್ಲ. ಬೀದರಿನ ಮೆಥಡಿಸ್ಟರು ಒಂದು ಕಡೆ, ಬಾಸೆಲ್ ಮಿಷನ್ ಹಿನ್ನೆಲೆಯ ಮಂಗಳೂರಿನವರು, ಹುಬ್ಬಳ್ಳಿ ಧಾರವಾಡದವರು ಇನ್ನೊಂದು ಕಡೆ. "ಭಾಷೆ ಸ್ವಲ್ಪ ಬೇರೆ ಅಲ್ವಾ, ಅವರಿಗೂ ಅನುಕೂಲ" ಅನ್ನುತ್ತಾರೆ. ಭಾಷೆ ಅಂತ ಹೇಳುವುದು ನಾಲಿಗೆ. ಮನಸ್ಸಿನಲ್ಲಿರುವುದು ಹೆಚ್ಚಾಗಿ ಜಾತಿ. ಯಾರ ಮನೆಯ ಲೋಟದಲ್ಲಿ ಚಹಾ ಕುಡಿಯಬೇಕು ಎಂಬ ಲೆಕ್ಕ ದೀಕ್ಷಾಸ್ನಾನದ ನೀರಿನಲ್ಲೂ ತೊಳೆದು ಹೋಗಿಲ್ಲ. ರೈಲ್ವೆ ಸ್ಟೇಷನ್ ನೋಡಿ ಗೆರೆ ಎಳೆಯಿರಿ, ಶಿಫ್ಟ್ ನೋಡಿ ಎಳೆಯಿರಿ, ಊರು ಮತ್ತು ಸಂಬಳ ನೋಡಿ ಎಳೆಯಬೇಡಿ. ಫಿಲೆಮೋನನಿಗೆ ಬರೆದ ಪುಟ್ಟ ಪತ್ರವನ್ನು ಪೌಲ ಅವನ ಮನೆಯಲ್ಲಿ ಸೇರುವ ಸಭೆಗೂ ಸೇರಿಸಿಯೇ ಬರೆದಿದ್ದಾನೆ. ವಿಷಯ ಏನು? ಒನೇಸಿಮ ಎಂಬ ದಾಸ ಯಜಮಾನನ ಬಳಿಗೆ ವಾಪಸು ಬರುತ್ತಿದ್ದಾನೆ, ಅವನನ್ನು ಇನ್ನು ತಮ್ಮನ ಹಾಗೆ ಸೇರಿಸಿಕೋ ಅಂತ. ಅಂದರೆ ಮುಂದಿನ ಕೂಟದಲ್ಲಿ ಯಜಮಾನ, ದಾಸ ಇಬ್ಬರೂ ಒಂದೇ ಕೋಣೆಯಲ್ಲಿ ಕೂರಬೇಕು! ನಮ್ಮ ಮನೆ ಕೆಲಸದವಳು ನಮ್ಮ ಕೂಟದಲ್ಲೇ ಇದ್ದು, ಅವಳ ಸರದಿಯಲ್ಲಿ ನಾವು ಅವಳ ಖೋಲಿಗೆ ಹೋಗುತ್ತೇವೆಯೇ? ನಾನು ಒಂದು ಕೂಟವನ್ನು ಅಳೆಯುವುದು ಇದರಿಂದ.

ಉಳಿದದ್ದು ಭಾಷೆ. 2020ರ ಲಾಕ್‌ಡೌನ್‌ನಲ್ಲಿ ಕೂಟ ಝೂಮ್‌ಗೆ ಹೋದಾಗ ಊರಿಗೆ ಮರಳಿದ್ದವರೂ ಉಡುಪಿ, ಗದಗಿನಿಂದ ಸೇರಿಕೊಂಡರು, ಕನ್ನಡ ಜೋರಾಗಿತ್ತು. ಮುಖಾಮುಖಿ ಮತ್ತೆ ಶುರುವಾದಾಗ ಗೊತ್ತಾಯಿತು, ಮಕ್ಕಳು ಕೈಬಿಟ್ಟುಹೋಗಿದ್ದಾರೆ. ಅವರು ಕನ್ನಡ ಅರ್ಥ ಮಾಡಿಕೊಳ್ಳುತ್ತಾರೆ, ಓದಲಾರರು. ಪ್ರಾರ್ಥನೆ ಹಿಂದಿಯಲ್ಲಿ, ಜಗಳ ಮರಾಠಿಯಲ್ಲಿ, ಫೋನು ಇಂಗ್ಲಿಷಿನಲ್ಲಿ. ಕನ್ನಡ ಬಿಟ್ಟರೆ ಆ ಎಪ್ಪತ್ತರ ಅಮ್ಮ ಮೂಕಿಯಾಗುತ್ತಾರೆ. ಕನ್ನಡವೇ ಬೇಕೆಂದರೆ ಮಕ್ಕಳು ಬೆಡ್‌ರೂಮಿನಲ್ಲಿ ಮೊಬೈಲ್ ಹಿಡಿದು ಕೂರುತ್ತಾರೆ. ಈಗ ನಾವು ಮಾಡುತ್ತಿರುವುದು ಇಷ್ಟು: ಓದುವ ಭಾಗವನ್ನು ಮೊದಲು ದೊಡ್ಡವರೊಬ್ಬರು ಕನ್ನಡದಲ್ಲಿ ಓದುತ್ತಾರೆ, ಆಮೇಲೆ ಮಕ್ಕಳಲ್ಲಿ ಒಬ್ಬರು ತಮಗೆ ಬಂದ ಭಾಷೆಯಲ್ಲಿ. ಪ್ರಾರ್ಥನೆ ಯಾರ ಬಾಯಲ್ಲಿ ಹೇಗೆ ಬರುತ್ತದೋ ಹಾಗೆ. ಕೆಲವರಿಗೆ ಇದು ಸರಿಕಂಡಿಲ್ಲ, "ಕನ್ನಡ ಕೂಟ ಅಂತ ಹೆಸರಿಟ್ಟು ಹಿಂದೀಲಿ ಏನಿದು" ಅಂತ ಒಬ್ಬರು ಬರುವುದನ್ನೇ ಬಿಟ್ಟಿದ್ದಾರೆ. ಅವರ ಬೇಸರ ನನಗೆ ಅರ್ಥವಾಗುತ್ತದೆ, ಒಪ್ಪಲು ಆಗುತ್ತಿಲ್ಲ. ಹೋದ ತಿಂಗಳಿಂದ ಕಾಲೇಜಿಗೆ ಹೋಗುವ ಐದು ಮಕ್ಕಳು ಶನಿವಾರ ಸಂಜೆ ಅವರದೇ ಒಂದು ಕೂಟ ಮಾಡಿಕೊಂಡಿದ್ದಾರೆ. ಮಾತೆಲ್ಲ ಹಿಂದಿ ಇಂಗ್ಲಿಷ್, ಹಾಡು ಮಾತ್ರ ಕನ್ನಡದ್ದು, ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ. ದೊಡ್ಡವರು ಯಾರೂ ಬರಕೂಡದಂತೆ, ಚಹಾ ಮಾತ್ರ ಕಳಿಸಬಹುದಂತೆ.