ಶಿಳ್ಳೆಗೆ ಕಾಯದ ಗೋಲು

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕಣ್ಣಿಗೆ ಕಂಡದ್ದರ ಬಗ್ಗೆ ಯಾರಿಗೂ ತಕರಾರಿಲ್ಲ. ಇಂಡಿಯನ್ ಸೂಪರ್ ಲೀಗಿನ ನಾಕೌಟ್ ಪಂದ್ಯ. ಒಂದು ಕಡೆ ಬೆಂಗಳೂರು ಎಫ್‌ಸಿ, ಇನ್ನೊಂದು ಕಡೆ ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಅವಧಿಯ ಮೊದಲ ಭಾಗದಲ್ಲಿ ಪೆನಾಲ್ಟಿ ಬಾಕ್ಸ್‌ನ ಹೊರಗೆ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಗೋಡೆ ಕಟ್ಟಿಸುವುದರಲ್ಲಿ ಮಗ್ನನಾಗಿದ್ದಾಗ ಸುನಿಲ್ ಛೆಟ್ರಿ ಚೆಂಡನ್ನು ಖಾಲಿ ಬಲೆಗೆ ಒದ್ದರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಕೇರಳದವರು ಮುತ್ತಿಕೊಂಡು ವಾದಿಸಿದರು. ತರಬೇತುದಾರ ಇವಾನ್ ವುಕೊಮಾನೊವಿಚ್ ತಮ್ಮ ಹುಡುಗರನ್ನೆಲ್ಲ ಮೈದಾನದಿಂದ ಆಚೆ ಕರೆದುಕೊಂಡು ಹೋದರು. ಕಾದು ಕಾದು, ಅವರು ಬಾರದಿದ್ದಾಗ, ಬೆಂಗಳೂರು 1–0ರಿಂದ ಗೆದ್ದಿತೆಂದು ಘೋಷಿಸಲಾಯಿತು.

ಇಷ್ಟನ್ನು ಎರಡೂ ಕಡೆಯವರು ಒಪ್ಪುತ್ತಾರೆ. ಜಗಳವಿರುವುದು ಕಣ್ಣಿಗೆ ಕಾಣದ ಒಂದು ಸಂಗತಿಯ ಬಗ್ಗೆ. ಒದೆಯುವ ಮುನ್ನ ರೆಫರಿಯ ಶಿಳ್ಳೆಗೆ ಕಾಯಬೇಕಿತ್ತೇ, ಬೇಡವೇ? ವೆಸ್ಟ್ ಬ್ಲಾಕ್ ಬ್ಲೂಸ್ ಮತ್ತು ಮಂಜಪ್ಪಡ ಎಂಬ ಎರಡು ಅಭಿಮಾನಿ ಬಳಗಗಳ ನಡುವೆ ಅಂದು ಹತ್ತಿಕೊಂಡ ಈ ಚರ್ಚೆ, ಎರಡು ತಂಡಗಳು ಎದುರಾದಾಗಲೆಲ್ಲ ಬೂದಿ ಸರಿಸಿ ಮೇಲೇಳುತ್ತದೆ. ಇಷ್ಟು ದಿನ ಉರಿದ ಜಗಳವನ್ನು ಅಭಿಮಾನಿಗಳ ಹುಚ್ಚಾಟ ಎಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಒಳಗೆ ಒಂದು ಗಟ್ಟಿ ಪ್ರಶ್ನೆ ಇದೆ. ತೀರ್ಪು ಅಂತಿಮವಾಗಿದ್ದರೆ ಸಾಕೇ, ಅದು ಅರ್ಥವೂ ಆಗಬೇಕೇ?

ಮೊದಲು ನಿಯಮ ಏನು ಹೇಳುತ್ತದೆ ಎಂದು ನೋಡಬೇಕು. ಬೆಂಗಳೂರಿನ ಅಭಿಮಾನಿಗಳ ವಾದ ನೇರವಾದದ್ದು: ಫ್ರೀ ಕಿಕ್ ಎಂಬುದು ಅನ್ಯಾಯಕ್ಕೆ ಒಳಗಾದ ತಂಡಕ್ಕೆ ಸಿಗುವ ಪರಿಹಾರ, ಅದನ್ನು ತಕ್ಷಣ ಬಳಸಿಕೊಳ್ಳುವ ಹಕ್ಕು ಆ ತಂಡದ್ದು. ಫುಟ್‌ಬಾಲ್ ನಿಯಮಾವಳಿ ಇದಕ್ಕೆ ಪೂರ್ತಿ ಬೆಂಬಲ ಕೊಡುತ್ತದೆ. ಬಹುತೇಕ ಫ್ರೀ ಕಿಕ್‌ಗಳಿಗೆ ಶಿಳ್ಳೆಯೇ ಬೇಕಿಲ್ಲ. ಎದುರಾಳಿಗಳು 9.15 ಮೀಟರ್ ದೂರ ಸರಿಯುವವರೆಗೆ ಕಾಯಲೇಬೇಕೆಂಬ ಕಟ್ಟಳೆಯೂ ಇಲ್ಲ. ಅಷ್ಟೇ ಅಲ್ಲ, ಫ್ರೀ ಕಿಕ್ ತೆಗೆದುಕೊಳ್ಳದಂತೆ ಬೇಕೆಂದೇ ತಡೆಯುವ ಆಟಗಾರನಿಗೆ ಹಳದಿ ಕಾರ್ಡ್ ತೋರಿಸಬೇಕು ಎಂದೇ ಬರೆದಿದೆ. ಶಿಳ್ಳೆಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ತಾನು ಮೊದಲೇ ಹೇಳಿದ್ದೆ, ಅದು ಎದುರಾಳಿ ತಂಡದ ಅಡ್ರಿಯನ್ ಲೂನಾಗೂ ಕೇಳಿಸಿತ್ತು, ಅದಕ್ಕೇ ಮೊದಲ ಸಲ ಅವರು ಅಡ್ಡ ಬಂದರು ಎಂಬುದು ಛೆಟ್ರಿ ಆಮೇಲೆ ಕೊಟ್ಟ ವಿವರಣೆಯ ಸಾರ.

ಕೇರಳದವರ ವಾದವೂ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅದೇ ನಿಯಮಾವಳಿಯಲ್ಲಿ ಇನ್ನೊಂದು ಸಾಲಿದೆ. ರೆಫರಿ ಗೋಡೆಯನ್ನು ತಕ್ಕ ದೂರಕ್ಕೆ ಹಿಂದೆ ಸರಿಸಲು ತೊಡಗಿದರೆ, ಆಟ ಮತ್ತೆ ಶುರುವಾಗಲು ಶಿಳ್ಳೆ ಬೇಕೇ ಬೇಕು. ರೆಫರಿ ಮಧ್ಯೆ ಬಂದು ಜಾಗ ಗುರುತಿಸಿದ ಮೇಲೆ, ಆಟಗಾರರನ್ನು ಹಿಂದೆ ಕಳಿಸತೊಡಗಿದ ಮೇಲೆ, ‘ತಕ್ಷಣದ’ ಫ್ರೀ ಕಿಕ್‌ನ ಗಳಿಗೆ ಕಳೆದುಹೋಯಿತು ಎಂಬುದು ಅವರ ಪಟ್ಟು. ಗೋಲ್‌ಕೀಪರ್ ಜಾಗ ಬಿಟ್ಟು ಬಂದದ್ದು ದಡ್ಡತನದಿಂದಲ್ಲ, ಶಿಳ್ಳೆ ಬರುತ್ತದೆ ಎಂಬ ನಂಬಿಕೆಯಿಂದ ಎನ್ನುತ್ತಾರೆ ಅವರು.

ಹೀಗೆ ಎರಡು ಕಡೆಯವರೂ ಒಂದೇ ಪುಸ್ತಕದ ಎರಡು ಸಾಲು ಹಿಡಿದು ನಿಂತಿದ್ದಾರೆ. ಯಾವ ಸಾಲು ಇಲ್ಲಿಗೆ ಹೊಂದುತ್ತದೆ ಎಂಬುದನ್ನು ತೀರ್ಮಾನಿಸಬೇಕಾದದ್ದು ಆ ಕೆಲವೇ ಕ್ಷಣಗಳಲ್ಲಿ ರೆಫರಿ ಆಟಗಾರರಿಗೆ ಏನು ಹೇಳಿದರು ಎಂಬ ಸಂಗತಿ. ಟಿವಿಯ ಮುಂದೆ ಕೂತವರಿಗಾಗಲೀ ಸ್ಟ್ಯಾಂಡಿನಲ್ಲಿ ನಿಂತವರಿಗಾಗಲೀ ಕೇಳಿಸದೇ ಉಳಿದದ್ದು ಅದೊಂದೇ.

ಇಂಥ ಗೋಲು ಫುಟ್‌ಬಾಲ್‌ಗೆ ಹೊಸದಲ್ಲ. 2004ರ ಡಿಸೆಂಬರಿನಲ್ಲಿ ಹೈಬರಿಯಲ್ಲಿ ಚೆಲ್ಸಿ ವಿರುದ್ಧ ಆರ್ಸೆನಲ್‌ನ ಥಿಯರಿ ಹೆನ್ರಿ ಹೀಗೇ ಗೋಡೆ ಕಟ್ಟುವ ಮುನ್ನವೇ ಚೆಂಡು ಒದ್ದು ಗೋಲು ಹೊಡೆದರು. ಗೋಡೆ ಬೇಕೋ, ಈಗಲೇ ಒದೆಯುತ್ತೀಯೋ ಎಂದು ರೆಫರಿ ಗ್ರಹಾಂ ಪೋಲ್ ಕೇಳಿಯೇ ಅನುಮತಿ ಕೊಟ್ಟಿದ್ದರು. ಚೆಲ್ಸಿಯವರು ಸಿಡಿಮಿಡಿಗೊಂಡರು, ಆದರೆ ಆಟ ಮುಂದುವರಿದು 2–2ಕ್ಕೆ ಮುಗಿಯಿತು. 2007ರ ಫೆಬ್ರವರಿಯಲ್ಲಿ ಚಾಂಪಿಯನ್ಸ್ ಲೀಗ್ ಪಂದ್ಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ರಯಾನ್ ಗಿಗ್ಸ್ ಇದೇ ರೀತಿ ಗೋಲು ಹೊಡೆದಾಗ ಫ್ರಾನ್ಸಿನ ಲಿಲ್ ತಂಡದ ಆಟಗಾರರು ಮೈದಾನದ ಅಂಚಿನವರೆಗೂ ಹೊರನಡೆದರು. ಆದರೆ ತಿರುಗಿ ಬಂದು ಆಡಿದರು. ಅವರ ದೂರನ್ನು ಯುಇಎಫ್‌ಎ ಆಮೇಲೆ ತಳ್ಳಿಹಾಕಿತು. ಕಂಠೀರವದ ರಾತ್ರಿಗೂ ಆ ರಾತ್ರಿಗೂ ಇರುವ ಅಂತರ ಗೆರೆಯ ಒಂದೆರಡು ಅಡಿ ಮಾತ್ರ. ಅವರು ಗೆರೆಯ ಹತ್ತಿರ ನಿಂತರು, ಇವರು ದಾಟಿ ಹೋದರು.

ಆ ದಾಟುವಿಕೆಯನ್ನು ಸಮರ್ಥಿಸಲು ಆಗುವುದಿಲ್ಲ. ಕೇರಳದ ವಾದದಲ್ಲಿ ಎಷ್ಟೇ ಹುರುಳಿದ್ದರೂ ಪಂದ್ಯದಲ್ಲಿ ಇನ್ನೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಆಟ ಬಾಕಿಯಿತ್ತು. ಒಂದು ಗೋಲು ತೀರಿಸಲು ಅದು ಬೇಕಾದಷ್ಟು ಸಮಯ. ಹೊರನಡೆದ ಗಳಿಗೆಯಲ್ಲಿ ಚರ್ಚೆ ‘ಆ ಗೋಲು ಸರಿಯೇ’ ಎಂಬುದರಿಂದ ‘ಮೈದಾನ ಬಿಟ್ಟದ್ದು ಸರಿಯೇ’ ಎಂಬುದಕ್ಕೆ ಜಾರಿತು. ಎರಡನೆಯ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತಿತ್ತು. ಪಂದ್ಯ ಮತ್ತೆ ಆಡಿಸಬೇಕೆಂಬ ಕೇರಳದ ಮನವಿ ತಿರಸ್ಕೃತವಾಯಿತು. ಮಾರ್ಚ್ ಕೊನೆಯಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ತರಬೇತುದಾರರಿಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ. ಬಹಿರಂಗ ಕ್ಷಮೆ ಕೇಳದಿದ್ದರೆ ದಂಡ ಇನ್ನೂ ಏರುತ್ತಿತ್ತು. ಕ್ಲಬ್ಬೂ ತರಬೇತುದಾರರೂ ಕ್ಷಮೆ ಕೇಳಿದರು. ಅಲ್ಲಿಗೆ ಮೊದಲ ಪ್ರಶ್ನೆ ಕಡತದೊಳಗೆ ಸೇರಿತು.

ಹೊರನಡೆಯುವುದು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಭಾರತೀಯ ಫುಟ್‌ಬಾಲ್ ಮೊದಲೇ ನೋಡಿತ್ತು. 2012ರ ಡಿಸೆಂಬರ್ 9ರಂದು ಕೋಲ್ಕತ್ತದ ಡರ್ಬಿಯಲ್ಲಿ ಒಡಾಫಾ ಒಕೋಲಿಗೆ ಕೆಂಪು ಕಾರ್ಡ್ ಸಿಕ್ಕ ಮೇಲೆ ಗದ್ದಲ ಎದ್ದು, ಸ್ಟ್ಯಾಂಡಿನಿಂದ ಬಂದ ಕಲ್ಲು ರಹೀಂ ನಬಿಗೆ ಬಡಿದು, ಮೋಹನ್ ಬಾಗಾನ್ ದ್ವಿತೀಯಾರ್ಧಕ್ಕೆ ಇಳಿಯಲೇ ಇಲ್ಲ. ಅದಕ್ಕೂ ಹಿಂದೆ, 1980ರ ಆಗಸ್ಟ್ 16ರಂದು, ಅದೇ ಡರ್ಬಿಯಲ್ಲಿ ಇಬ್ಬರು ಆಟಗಾರರ ತಿಕ್ಕಾಟ ಈಡನ್ ಗಾರ್ಡನ್ಸ್‌ನ ಸ್ಟ್ಯಾಂಡಿಗೆ ಹಬ್ಬಿ 16 ಅಭಿಮಾನಿಗಳು ಸತ್ತರು. ಮೈದಾನದ ಸಿಟ್ಟು ಗೆರೆ ದಾಟಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಕಹಿಯಾದ ಸಾಕ್ಷಿ ಬೇಕಿಲ್ಲ. ರೆಫರಿಯ ಮಾತೇ ಕೊನೆ ಎಂಬ ನಿಯಮ ಇರುವುದು ರೆಫರಿ ಎಂದೂ ತಪ್ಪುವುದಿಲ್ಲ ಎಂಬ ಭ್ರಮೆಯಿಂದಲ್ಲ. ತಪ್ಪಿದರೂ ಆಟ ಮುಗಿಯಬೇಕು, ಜನ ಮನೆ ಸೇರಬೇಕು ಎಂಬ ಅನುಭವದಿಂದ.

ಆದರೆ ಬೆಂಗಳೂರಿನ ಅಭಿಮಾನಿಗಳು ಈ ನಿಯಮವನ್ನು ಎಷ್ಟು ದಿನ ತಲೆಯ ಮೇಲೆ ಹೊತ್ತರು? ಸರಿಯಾಗಿ ಹದಿನೈದು ದಿನ. ಮುಂಬೈ ಸಿಟಿಯನ್ನು ಪೆನಾಲ್ಟಿಗಳಲ್ಲಿ ಮಣಿಸಿ ಬಿಎಫ್‌ಸಿ ಫೈನಲ್ ತಲುಪಿತು. ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಎಟಿಕೆ ಮೋಹನ್ ಬಾಗಾನ್ ಎದುರು 2–1ರಿಂದ ಮುಂದಿತ್ತು. 85ನೇ ನಿಮಿಷದಲ್ಲಿ ರೆಫರಿ ಮೋಹನ್ ಬಾಗಾನ್‌ಗೆ ಪೆನಾಲ್ಟಿ ಕೊಟ್ಟರು. ಪೆಟ್ರಾಟೋಸ್ ಗೋಲು ಹೊಡೆದು ಸಮ ಮಾಡಿದರು. ಕೊನೆಗೆ ಶೂಟೌಟ್‌ನಲ್ಲಿ ಬೆಂಗಳೂರು 4–3ರಿಂದ ಸೋತಿತು. ತಪ್ಪು ನಡೆದದ್ದು ಬಾಕ್ಸ್‌ನ ಹೊರಗೆ ಎಂದು ಬೆಂಗಳೂರಿನವರು ಚಿತ್ರ ನಿಲ್ಲಿಸಿ, ಹಿಗ್ಗಿಸಿ, ಗೆರೆ ಎಳೆದು ತೋರಿಸಿದರು. ವಿಡಿಯೊ ರೆಫರಿ ವ್ಯವಸ್ಥೆ ತರಲೇಬೇಕೆಂದು ಕ್ಲಬ್ಬಿನ ಮಾಲೀಕ ಪಾರ್ಥ್ ಜಿಂದಾಲ್ ಬಹಿರಂಗವಾಗಿ ಒತ್ತಾಯಿಸಿದರು. ಕೇರಳದವರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಇದನ್ನು ಎರಡು ನಾಲಗೆ ಎಂದು ಹಂಗಿಸಿ ಬಿಟ್ಟರೆ ಪ್ರಯೋಜನವಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದು ಅಭಿಮಾನಿಯ ಸ್ವಭಾವ, ಅದಕ್ಕೆ ಊರುಭೇದವಿಲ್ಲ. ಗಮನಿಸಬೇಕಾದದ್ದು ಬೇರೆ. ಮಾರ್ಚ್ 3ರಂದು ಒಬ್ಬರಿಗೆ, ಮಾರ್ಚ್ 18ರಂದು ಇನ್ನೊಬ್ಬರಿಗೆ ಇದ್ದ ಕೊರಗು ಒಂದೇ: ಇಷ್ಟು ದೊಡ್ಡ ತೀರ್ಮಾನವಾಯಿತು, ಏಕೆ ಎಂದು ನಮಗೆ ಯಾರೂ ಹೇಳಲಿಲ್ಲ.

ವಿಡಿಯೊ ಬಂದರೆ ಎಲ್ಲ ಬಗೆಹರಿಯುತ್ತದೆಯೇ? ಫತೋರ್ಡಾದ ಪೆನಾಲ್ಟಿಗೆ ಅದು ನೆರವಾಗುತ್ತಿತ್ತು. ಕಾಲು ಗೆರೆಯ ಒಳಗೋ ಹೊರಗೋ ಎಂಬುದನ್ನು ಕ್ಯಾಮೆರಾ ಹೇಳಬಲ್ಲದು. ಆದರೆ ಕಂಠೀರವದ ಗೋಲಿಗೆ ಕ್ಯಾಮೆರಾದಿಂದ ಏನೂ ಆಗುತ್ತಿರಲಿಲ್ಲ. ಎಷ್ಟು ಕೋನಗಳಿಂದ ನೋಡಿದರೂ ರೆಫರಿಯ ಬಾಯಿಂದ ಬಂದ ಮಾತು ಚಿತ್ರದಲ್ಲಿ ಕೇಳಿಸುವುದಿಲ್ಲ. ಅಲ್ಲಿ ಬೇಕಾಗಿದ್ದದ್ದು ಕಣ್ಣಲ್ಲ, ಕಿವಿ.

ಇಂಗ್ಲೆಂಡಿನ ಒಂದು ಪ್ರಸಂಗ ಇಲ್ಲಿ ಪಾಠವಾಗಬಲ್ಲದು. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಗೋಲನ್ನು ಆಫ್‌ಸೈಡ್ ಎಂದು ನಿರಾಕರಿಸಲಾಯಿತು. ಅದು ಆಫ್‌ಸೈಡ್ ಆಗಿರಲಿಲ್ಲ. ವಿಡಿಯೊ ವ್ಯವಸ್ಥೆ ಇತ್ತು, ಗೆರೆ ಎಳೆಯುವ ಯಂತ್ರ ಇತ್ತು, ಆದರೂ ತಪ್ಪಾಯಿತು. ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಎಂದೇ ವಿಡಿಯೊ ಕೋಣೆಯಲ್ಲಿದ್ದವರು ತಿಳಿದುಕೊಂಡು, ‘ಪರಿಶೀಲನೆ ಮುಗಿಯಿತು’ ಎಂದುಬಿಟ್ಟಿದ್ದರು. ಕೆಲವೇ ದಿನಗಳಲ್ಲಿ ಆ ಕೋಣೆಯ ಸಂಭಾಷಣೆಯ ಧ್ವನಿಮುದ್ರಣವನ್ನು ಬಿಡುಗಡೆ ಮಾಡಲಾಯಿತು. ಲಿವರ್‌ಪೂಲ್‌ನವರ ಸಿಟ್ಟು ಇಳಿಯಿತೆಂದಲ್ಲ. ಆದರೆ ಪಿತೂರಿಯ ಮಾತಿಗೆ ಹೆಚ್ಚು ಜಾಗ ಉಳಿಯಲಿಲ್ಲ. ಗಡಿಬಿಡಿಯಲ್ಲಿ ಮನುಷ್ಯರು ತಪ್ಪು ಮಾಡಿದರು ಎಂಬುದು ಎಲ್ಲರ ಕಿವಿಗೂ ಬಿತ್ತು. ಅದೇ ವರ್ಷದ ಮಹಿಳಾ ವಿಶ್ವಕಪ್‌ನಲ್ಲಿ ವಿಡಿಯೊ ನೋಡಿ ಬಂದ ರೆಫರಿಗಳು ತಮ್ಮ ತೀರ್ಮಾನವನ್ನು ಮೈಕಿನಲ್ಲಿ ಇಡೀ ಕ್ರೀಡಾಂಗಣಕ್ಕೆ ಹೇಳಿದರು. ನಮ್ಮ ಕ್ರಿಕೆಟ್ ಪ್ರೇಕ್ಷಕರಿಗೆ ಇದು ಹೊಸತೇನಲ್ಲ. ಮೂರನೇ ಅಂಪೈರ್ ತಡೆತಡೆದು ಯೋಚಿಸುವುದನ್ನು ಅವರು ದಿನವೂ ಕೇಳುತ್ತಾರೆ. ತೀರ್ಪು ಹಿಡಿಸದಿದ್ದರೂ ಅದು ಹುಟ್ಟಿದ ದಾರಿ ಗೊತ್ತಿರುತ್ತದೆ.

ಭಾರತೀಯ ಫುಟ್‌ಬಾಲ್‌ನಲ್ಲಿ ಪೂರ್ಣ ಪ್ರಮಾಣದ ವಿಡಿಯೊ ವ್ಯವಸ್ಥೆಗೆ ಬೇಕಾದ ಹಣ, ಕ್ಯಾಮೆರಾ, ತರಬೇತಾದ ಸಿಬ್ಬಂದಿಯ ಮಾತು ಬಂದಾಗಲೆಲ್ಲ ಕೈ ತಿರುಗಿಸುವುದು ರೂಢಿ. ಆದರೆ ವಿವರಣೆ ಕೊಡುವುದಕ್ಕೆ ಕೋಟಿಗಳು ಬೇಕಿಲ್ಲ. ವಿವಾದವೆದ್ದ ತೀರ್ಮಾನದ ಬಗ್ಗೆ ಎರಡು ಮೂರು ದಿನದೊಳಗೆ ಒಂದು ಪುಟದ ಟಿಪ್ಪಣಿ ಸಾಕು: ರೆಫರಿ ಏನು ಕಂಡರು, ಏನು ಹೇಳಿದರು, ಯಾವ ನಿಯಮ ಅನ್ವಯಿಸಿದರು, ತಪ್ಪಾಗಿದ್ದರೆ ಎಲ್ಲಿ ತಪ್ಪಾಯಿತು. ಫಲಿತಾಂಶ ಬದಲಾಗಬೇಕಿಲ್ಲ. ಇದರಿಂದ ರೆಫರಿಯ ಗೌರವ ಕುಂದುತ್ತದೆ ಎಂದು ಹೆದರುವವರಿದ್ದಾರೆ. ಆದರೆ ಬಾಯಿ ಕಟ್ಟಿದ ರೆಫರಿಗೇ ಹೆಚ್ಚು ಪೆಟ್ಟು. ಅವರು ಸುಮ್ಮನಿದ್ದಾಗ ಅವರ ಪರವಾಗಿ ಗಾಳಿಸುದ್ದಿ ಮಾತಾಡುತ್ತದೆ.

ಆಟಗಾರರಿಗೂ ಪೆಟ್ಟು ಬೀಳದೇ ಇರುವುದಿಲ್ಲ. ಭಾರತದ ನಾಯಕನಾಗಿದ್ದ ಛೆಟ್ರಿಗೆ ಕೊಚ್ಚಿಯಿಂದ ಕೋಯಿಕ್ಕೋಡಿನವರೆಗೆ ಹಿಂದೆ ಸಿಗುತ್ತಿದ್ದ ಪ್ರೀತಿಯ ಜಾಗದಲ್ಲಿ ಆ ರಾತ್ರಿಯ ನಂತರ ಜಾಲತಾಣಗಳಲ್ಲಿ ಬೈಗುಳದ ಮಳೆ ಸುರಿಯಿತು. ನಿಯಮ ಕೊಟ್ಟ ಅವಕಾಶವನ್ನು ಚುರುಕಾಗಿ ಬಳಸಿದ ಆಟಗಾರನೋ, ನಂಬಿಕೆಗೆ ಬೆನ್ನು ತೋರಿಸಿದವನೋ ಎಂಬುದು ರೆಫರಿಯ ಒಂದು ವಾಕ್ಯದಿಂದ ಇತ್ಯರ್ಥವಾಗಬಹುದಿತ್ತು.

ಇನ್ನೊಂದು ನಷ್ಟದ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ಕಂಠೀರವದ ಗದ್ದಲದ ಮರುದಿನವೇ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯ ಎಂಬ ಹೆಸರಿದ್ದ ಕಾಲದಲ್ಲಿ ಗೆದ್ದ ಆ ಕಪ್ಪು 54 ವರ್ಷಗಳ ಬಳಿಕ ಮನೆಗೆ ಬಂದಿತ್ತು. ಊರಿನ ಹುಡುಗರು ಇಷ್ಟು ದೊಡ್ಡ ಕೆಲಸ ಮಾಡಿದ ದಿನ ಬೆಂಗಳೂರಿನ ಫುಟ್‌ಬಾಲ್ ಕಟ್ಟೆಗಳಲ್ಲಿ ಶಿಳ್ಳೆಯ ಮಾತೇ ಮಾತು. ಉತ್ತರ ಸಿಗದ ಪ್ರಶ್ನೆ ಹೀಗೇ. ಅದು ಜಾಗ ಬಿಟ್ಟುಕೊಡುವುದಿಲ್ಲ, ಪಕ್ಕದಲ್ಲಿ ಬೆಳೆಯಬೇಕಾದ್ದನ್ನೂ ಬೆಳೆಯಲು ಬಿಡುವುದಿಲ್ಲ.

ಅಭಿಮಾನಿಗಳು ಜಗಳವಾಡುವುದನ್ನು ನಿಲ್ಲಿಸಬೇಕಿಲ್ಲ, ನಿಲ್ಲಿಸುವುದೂ ಇಲ್ಲ. ಜಗಳಕ್ಕೆ ಬೇಕಾದ ಸಾಮಗ್ರಿಯನ್ನು ಅವರಿಗೆ ಪೂರ್ತಿಯಾಗಿ ಕೊಡಬೇಕಾದದ್ದು ಆಟ ನಡೆಸುವವರ ಹೊಣೆ. ರೆಫರಿಯ ಮಾತೇ ಕೊನೆಯಾಗಿರಲಿ. ಆದರೆ ಆ ಮಾತು ಏನೆಂದು ಕೇಳಿಸಲಿ.