ತೊಟ್ಟಿಲ ತೂಕವೂ ಬಾಳಿನ ಲೆಕ್ಕವೂ

ಮಗು ಹುಟ್ಟಿದೊಡನೆ ನಾವು ಕೇಳುವ ಮೊದಲ ಪ್ರಶ್ನೆ ‘ಗಂಡೋ ಹೆಣ್ಣೋ’ ಎಂಬುದು. ‘ತೂಕವೆಷ್ಟು’ ಎಂದು ಕೇಳುವವರು ವಿರಳ. ಆದರೆ ಆ ತೂಕಕ್ಕೂ ಐವತ್ತು ವರ್ಷಗಳ ಅನಂತರದ ಹೃದಯದ ಆರೋಗ್ಯಕ್ಕೂ ನಂಟಿದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಪುರಾವೆಯಿದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನರು ಮಿಷನ್ ಆಸ್ಪತ್ರೆಯೆಂದೇ ಬಲ್ಲರು. 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. 1934ರಿಂದ 1954ರ ನಡುವೆ ಅಲ್ಲಿ ಜನಿಸಿದ್ದ 517 ಮಂದಿಯನ್ನು ದಶಕಗಳ ಬಳಿಕ ಹುಡುಕಿ ಪರೀಕ್ಷಿಸಲಾಯಿತು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದ್ರೋಗವಿತ್ತು. 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಅದು ಶೇ. 3 ಮಾತ್ರ.

ಹಾಗೆಂದು ದಪ್ಪ ಮಗುವೇ ಆರೋಗ್ಯವಂತ ಮಗುವೆಂದು ಹಿಗ್ಗುವಂತೆಯೂ ಇಲ್ಲ. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್’ ಎಂಬ ಅಧ್ಯಯನ ಆರಂಭವಾಯಿತು. ಅವರ ಮಕ್ಕಳನ್ನು ಐದನೆಯ ವಯಸ್ಸಿನಲ್ಲಿ, ಒಂಬತ್ತೂವರೆಯಲ್ಲಿ, ಹದಿಮೂರೂವರೆಯಲ್ಲಿ ಮತ್ತೆ ಮತ್ತೆ ಪರೀಕ್ಷಿಸಲಾಯಿತು. ಗರ್ಭಾವಸ್ಥೆಯಲ್ಲಿ ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳ ಮೈಯಲ್ಲಿ ಶಾಲಾ ವಯಸ್ಸಿನಲ್ಲಿಯೇ ಕೊಬ್ಬು ಹೆಚ್ಚಾಗಿರುವುದು ಕಂಡುಬಂದಿತು. ಆ ಗರ್ಭಿಣಿಯರಲ್ಲಿ ಐವರಲ್ಲಿ ಇಬ್ಬರಿಗೂ ಹೆಚ್ಚು ಮಂದಿಗೆ ಬಿ-12 ಜೀವಸತ್ವದ ಕೊರತೆಯಿತ್ತು.

ಇದರರ್ಥ ಹುಟ್ಟಿನ ತೂಕವೇ ಹಣೆಬರಹ ಎಂದಲ್ಲ. ಅದೊಂದು ಮುನ್ಸೂಚನೆ ಮಾತ್ರ. ಮಗುವಿನ ಆರೋಗ್ಯದ ತಳಪಾಯ ತಾಯಿಯ ದೇಹದಲ್ಲಿದೆ, ಅದೂ ಆಕೆ ತಾಯಿಯಾಗುವ ಎಷ್ಟೋ ಮೊದಲಿನಿಂದ ಇದೆ ಎಂಬುದೇ ಇದರ ಸಾರ.

ಈಗ ತುಮಕೂರು, ಗುಬ್ಬಿ, ಕುಣಿಗಲ್‌ನ ನಮ್ಮ ಮನೆಗಳತ್ತ ನೋಡೋಣ. ದಸ್ತರ್‌ಖಾನ್‌ನಲ್ಲಿ ಕೊನೆಗೆ ಉಳಿದುದನ್ನು ಉಣ್ಣುವವರು ಯಾರು? ಮಾಂಸದ ಒಳ್ಳೆಯ ತುಂಡು ಯಾರ ತಟ್ಟೆಗೆ ಬೀಳುತ್ತದೆ? ಮಗಳ ಮದುವೆಯ ಊಟಕ್ಕೆ ಸಾಲ ಮಾಡುವ ತಂದೆ, ಅದೇ ಮಗಳಿಗೆ ಹದಿನೈದರ ಹರೆಯದಲ್ಲಿ ದಿನವೂ ಒಂದು ಮೊಟ್ಟೆ, ಒಂದು ಲೋಟ ಹಾಲು ದೊರೆಯುತ್ತಿತ್ತೇ ಎಂದು ಯೋಚಿಸಿದ್ದುಂಟೇ? ಹೆರಿಗೆಯ ಬಳಿಕ ತಾಯಿ ಕಾರ್ಡ್ ಎಲ್ಲಿ ಹೋಯಿತೆಂಬುದೇ ಅನೇಕರಿಗೆ ತಿಳಿದಿರುವುದಿಲ್ಲ.

ಸರ್ಕಾರದ ಹೊಣೆಯೂ ಕಡಿಮೆಯದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಅಂಗನವಾಡಿಗಳ ಹಾಗೂ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳ ತಪಾಸಣೆಗಾಗಿ ರೂಪುಗೊಂಡಿದೆ. ಹಾಗಾದರೆ ಅನುದಾನರಹಿತ ಖಾಸಗಿ ಶಾಲೆಗೆ ಅಥವಾ ಪೂರ್ಣಾವಧಿ ಮದರಸಾಕ್ಕೆ ಹೋಗುವ ಬಡ ಮಗುವಿನ ಲೆಕ್ಕ ಇಡುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಶಾಸಕರ ಮುಂದೆಯೂ ಜಿಲ್ಲಾ ಆರೋಗ್ಯಾಧಿಕಾರಿಗಳ ಮುಂದೆಯೂ ಇಡಬೇಕಾಗಿದೆ.

ಆದರೆ ಉತ್ತರ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಒಂದು ತೂಕದ ಯಂತ್ರ, ಒಂದು ಅಳತೆಯ ಪಟ್ಟಿ, ಒಂದು ದಪ್ಪ ರಿಜಿಸ್ಟರ್ ಇಷ್ಟನ್ನು ಕೊಳ್ಳಲಾಗದ ಜಮಾಅತ್ ಇಲ್ಲ. ಆರು ತಿಂಗಳಿಗೊಮ್ಮೆ ಮದರಸಾದ ಮಕ್ಕಳ ತೂಕ, ಎತ್ತರ ಬರೆದಿಡಲಿ. ಬೆಳವಣಿಗೆ ಕುಂಠಿತವಾದ ಮಗುವನ್ನು ವೈದ್ಯರ ಬಳಿಗೆ ಕಳುಹಿಸಲಿ. ಗರ್ಭಿಣಿಯರ ಸಕ್ಕರೆ ಪರೀಕ್ಷೆ ತಪ್ಪದಂತೆ ಮನೆಯ ಹಿರಿಯರು ನೋಡಿಕೊಳ್ಳಲಿ.

ಮಿಷನ್ ಆಸ್ಪತ್ರೆಯ ದಾದಿಯರು ಅಂದು ತಮ್ಮ ಬರಹ ಆರು ದಶಕಗಳ ಬಳಿಕ ಲೋಕಕ್ಕೆ ಪಾಠವಾದೀತೆಂದು ಎಣಿಸಿರಲಾರರು. ಅವರು ದಿನದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು, ಅಷ್ಟೆ. ನಮ್ಮಿಂದಲೂ ಬೇಕಾಗಿರುವುದು ಅಷ್ಟೆ.