ಕಾಡಿಗೆ ವೈರ್‌ಲೆಸ್ ಮೂಗು: ಹೊಗೆ ಹಿಡಿದ ಮೇಲೆ ಓಡುವವರು ಯಾರು?

ತಾರಮಂಗಲಂ: ಶಿವರಾತ್ರಿ ಕಳೆದು ಚಳಿ ‘ಶಿವ ಶಿವಾ’ ಎನ್ನುತ್ತಾ ಹೊರಟಿತೆಂದರೆ ಸೇಲಂ ಜಿಲ್ಲೆಯ ಜನರ ಕಣ್ಣು ಬೆಟ್ಟದ ಕಡೆ ಹೊರಳುತ್ತದೆ. ಸೇರ್ವರಾಯನ್ ಬೆಟ್ಟದ ಇಳಿಜಾರಿನಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ, ಎಲೆ ಉದುರಿ ಮೊಣಕಾಲುದ್ದ ಬಿದ್ದಿರುತ್ತದೆ. ಹಗಲಲ್ಲಿ ಹೊಗೆ, ರಾತ್ರಿಯಾದರೆ ಬೆಟ್ಟದ ಕೊರಳಿಗೆ ಕೆಂಪು ಗೆರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಇಲ್ಲಿನ ನೇಕಾರರ ಬೀದಿಗಳಲ್ಲಿ ಅದಕ್ಕೆ ಎರಡು ಹೆಸರು: ಕಾಡ್ಗಿಚ್ಚು, ಕಾಟ್ಟುತ್ತೀ. ಹೆಸರು ಎರಡಾದರೂ ಸುಡುವ ಕಾಡು ಒಂದೇ.

ಈ ಬೆಂಕಿಯನ್ನು ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಪತ್ತೆ ಹಚ್ಚುವ ಉಪಾಯವೊಂದಿದೆ. ಮರಗಳಿಗೆ ಅಂಗೈ ಅಗಲದ ಪೆಟ್ಟಿಗೆಗಳನ್ನು ಕಟ್ಟುವುದು, ಅವು ಗಾಳಿಯ ಬಿಸಿ, ತೇವಾಂಶ, ಹೊಗೆಯ ಅನಿಲವನ್ನು ಅಳೆದು ವೈರ್‌ಲೆಸ್ ಮೂಲಕ ಕಚೇರಿಗೆ ಸುದ್ದಿ ಕಳಿಸುವುದು. ಇದಕ್ಕೆ ವೈರ್‌ಲೆಸ್ ಸೆನ್ಸರ್ ಜಾಲ ಎನ್ನುತ್ತಾರೆ. ಕೇಳಲು ಸೊಗಸಾಗಿದೆ. ಆದರೆ ನಮ್ಮ ಬೆಟ್ಟಗಳಲ್ಲಿ ಇದನ್ನು ಹಾಕುವುದೆಂದರೆ ಏನು? ಎಷ್ಟು ಬೇಕು, ಎಲ್ಲಿ ಬೇಕು, ಯಾರಿಗಾಗಿ ಬೇಕು?

ಉಪಗ್ರಹ ಇದೆಯಲ್ಲ?

ಇದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ 2004ರಿಂದಲೇ ಉಪಗ್ರಹದ ನೆರವಿನಿಂದ ಕಾಡಿನ ಬೆಂಕಿಯನ್ನು ಗುರುತಿಸಿ ರಾಜ್ಯಗಳಿಗೆ ತಿಳಿಸುತ್ತಾ ಬಂದಿದೆ. ಮೊದಲು ಬಳಸಿದ ‘ಮೋಡಿಸ್’ ಉಪಕರಣದ ಒಂದು ಚೌಕ ಒಂದು ಕಿಲೋಮೀಟರ್ ಅಗಲ. ಆಮೇಲೆ ಬಂದ ‘ವಿಐಐಆರ್‌ಎಸ್’ ಉಪಕರಣದ ಚೌಕ 375 ಮೀಟರ್, ಅಂದರೆ ಸುಮಾರು 14 ಹೆಕ್ಟೇರ್. ಹೆಸರು ನೋಂದಾಯಿಸಿದವರ ಮೊಬೈಲಿಗೆ ಎಸ್‌ಎಂಎಸ್ ಬರುತ್ತದೆ. ಅರಣ್ಯ ಸಿಬ್ಬಂದಿಯೇ ಆಗಬೇಕೆಂದಿಲ್ಲ, ಸಾಮಾನ್ಯ ಜನರೂ ನೋಂದಾಯಿಸಿಕೊಳ್ಳಬಹುದು.

ತೊಡಕು ಇರುವುದು ಹೊತ್ತಿನಲ್ಲಿ. ಈ ಉಪಗ್ರಹಗಳು ನಮ್ಮ ತಲೆಯ ಮೇಲೆ ನಿಂತಿರುವುದಿಲ್ಲ, ದಿನಕ್ಕೆ ಕೆಲವು ಸಲ ಹಾದು ಹೋಗುತ್ತವೆ. ಮಧ್ಯಾಹ್ನದ ಉಪಗ್ರಹ ದಾಟಿದ ಮೇಲೆ ಮೂರು ಗಂಟೆಗೆ ಯಾರೋ ಎಸೆದ ಬೀಡಿಯಿಂದ ಹೊತ್ತಿದ ಬೆಂಕಿ ಮುಂದಿನ ಉಪಗ್ರಹದ ಕಣ್ಣಿಗೆ ಬೀಳುವಷ್ಟರಲ್ಲಿ ಬೆಟ್ಟ ಹತ್ತಿರುತ್ತದೆ. ಬೆಂಕಿ ಮೇಲ್ಮುಖವಾಗಿ ಓಡುವಷ್ಟು ವೇಗವಾಗಿ ಕೆಳಮುಖವಾಗಿ ಓಡುವುದಿಲ್ಲ. ಬೆಟ್ಟದ ಬುಡದಲ್ಲಿ ಹತ್ತಿದ್ದೇ ಹೆಚ್ಚು ಅಪಾಯ.

ತಡವಾದರೆ ಏನಾಗುತ್ತದೆ ಎಂಬುದನ್ನು ಎರಡೂ ರಾಜ್ಯಗಳು ಕಂಡಿವೆ. 2018ರ ಮಾರ್ಚ್ 11ರಂದು ಥೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಬೆಂಕಿಯ ನಡುವೆ ಸಿಕ್ಕಿಕೊಂಡರು. 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ತೀರಿಕೊಂಡರು. 2019ರ ಫೆಬ್ರವರಿಯಲ್ಲಿ ಅದೇ ಬಂಡೀಪುರದ ಸಾವಿರಾರು ಎಕರೆ ಸುಟ್ಟು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಹೊತ್ತು ಬರಬೇಕಾಯಿತು. ಹೆಲಿಕಾಪ್ಟರ್ ಬರುವ ಹೊತ್ತಿಗೆ ಬೆಂಕಿ ದೊಡ್ಡದು. ಮೊದಲ ಅರ್ಧ ಗಂಟೆಯಲ್ಲಾದರೆ ಹಸಿ ಸೊಪ್ಪಿನ ಕೊಂಬೆ ಹಿಡಿದ ನಾಲ್ಕು ಜನ ಸಾಕು. ಸೆನ್ಸರ್ ಜಾಲದ ಬೆಲೆ ಇರುವುದು ಆ ಅರ್ಧ ಗಂಟೆಯಲ್ಲಿ.

ಪೆಟ್ಟಿಗೆ ಕೆಲಸ ಮಾಡುವ ಬಗೆ

ಒಂದು ಪೆಟ್ಟಿಗೆಯೊಳಗೆ ಉಷ್ಣತೆ, ತೇವಾಂಶ, ಕಾರ್ಬನ್ ಮೊನಾಕ್ಸೈಡ್ ಅಳೆಯುವ ಸೆನ್ಸರ್‌ಗಳು, ಒಂದು ಸಣ್ಣ ಕಂಪ್ಯೂಟರ್ ಚಿಪ್, ಒಂದು ರೇಡಿಯೋ, ಒಂದು ಬ್ಯಾಟರಿ. ಪೆಟ್ಟಿಗೆ ಸದಾ ಎಚ್ಚರವಾಗಿರುವುದಿಲ್ಲ. ಐದು ನಿಮಿಷಕ್ಕೊಮ್ಮೆ ಎದ್ದು, ಗಾಳಿಯನ್ನು ಮೂಸಿ, ಸುದ್ದಿ ಹೇಳಿ ಮತ್ತೆ ಮಲಗುತ್ತದೆ. ಹಾಗೆ ಮಲಗುವುದರಿಂದಲೇ ಬ್ಯಾಟರಿ ಬಾಳುತ್ತದೆ. ಹಲವು ಪೆಟ್ಟಿಗೆಗಳ ಸುದ್ದಿಯನ್ನು ಎತ್ತರದ ಜಾಗದಲ್ಲಿರುವ ಒಂದು ‘ಗೇಟ್‌ವೇ’ ಹಿಡಿದು ಕಚೇರಿಗೆ ದಾಟಿಸುತ್ತದೆ. ಊರಿನ ತೋಟಿ ಮನೆಮನೆಯ ಸುದ್ದಿ ತಂದು ಚಾವಡಿಯಲ್ಲಿ ಒಪ್ಪಿಸಿದ ಹಾಗೆ.

ಇಂತಹ ಸಣ್ಣ ರೇಡಿಯೋಗಳಿಗೆ ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ತರಂಗಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದ್ದಾರೆ. ‘ಲೋರಾ’ ಎಂಬ ವಿಧಾನದಲ್ಲಿ ಬಯಲಿನಲ್ಲಾದರೆ ಸುದ್ದಿ ಹಲವು ಕಿಲೋಮೀಟರ್ ಹೋಗುತ್ತದೆ. ಕಾಡಿನಲ್ಲಿ ಮರ, ಬೆಟ್ಟದಲ್ಲಿ ತಿರುವು ಅಡ್ಡ ಬಂದು ದೂರ ಕುಗ್ಗುತ್ತದೆ. ಕಣಿವೆಯ ಆಚೆ ಬದಿಯ ಪೆಟ್ಟಿಗೆ ಈಚೆಯ ಗೇಟ್‌ವೇಗೆ ಕೇಳಿಸುವುದೇ ಇಲ್ಲ. ಮಳೆಗಾಲದಲ್ಲಿ ಮರಗಳಲ್ಲಿ ಎಲೆ ತುಂಬಿದಾಗ ಒಮ್ಮೆ, ಬೇಸಿಗೆಯಲ್ಲಿ ಬರಿದಾದಾಗ ಒಮ್ಮೆ ಪರೀಕ್ಷಿಸದೆ ಹಾಕಿದ ಜಾಲ ಕಾಗದದ ಮೇಲಷ್ಟೇ ಜಾಲ.

ವಿದ್ಯೆ ಹೊಸದಲ್ಲ. 2000ರ ದಶಕದ ಮಧ್ಯದಲ್ಲೇ ಅಮೆರಿಕದ ಬಿಟರ್‌ರೂಟ್ ಕಾಡಿನಲ್ಲಿ ಬೆಂಕಿಯ ಸುತ್ತಲಿನ ಹವೆಯನ್ನು ವೈರ್‌ಲೆಸ್ ಉಪಕರಣಗಳಿಂದ ಅಳೆದಿದ್ದರು. 2010ರ ಸುಮಾರಿಗೆ ಸ್ಪೇನ್ ದೇಶದ ಉತ್ತರ ಭಾಗದ ಅಸ್ತೂರಿಯಾಸ್ ಮತ್ತು ಲಿಯೋನ್ ಪ್ರದೇಶದಲ್ಲಿ 210 ಹೆಕ್ಟೇರ್‌ಗೆ 90 ಪೆಟ್ಟಿಗೆಗಳನ್ನು ಹಾಕಿದರು.

ಲೆಕ್ಕ ಹಾಕಿ ನೋಡಿದರೆ

ಸ್ಪೇನಿನ ಆ ಲೆಕ್ಕವನ್ನು ನಮ್ಮ ಕಡೆಗೆ ತಂದು ನೋಡಬೇಕು. 90 ಪೆಟ್ಟಿಗೆಗೆ 210 ಹೆಕ್ಟೇರ್ ಎಂದರೆ ಒಂದಕ್ಕೆ ಎರಡೂಕಾಲು ಹೆಕ್ಟೇರ್‌ಗಿಂತ ತುಸು ಹೆಚ್ಚು. 2022ರಲ್ಲಿ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಕಾಡನ್ನು ಸೇರಿಸಿ ಘೋಷಿಸಿದ ಕಾವೇರಿ ದಕ್ಷಿಣ ವನ್ಯಧಾಮದ ವಿಸ್ತೀರ್ಣ 686 ಚದರ ಕಿಲೋಮೀಟರ್. ಅದೇ ಲೆಕ್ಕದಲ್ಲಿ ಅದಕ್ಕೊಂದಕ್ಕೇ ಸುಮಾರು 29 ಸಾವಿರ ಪೆಟ್ಟಿಗೆ ಬೇಕು! ಸೇರ್ವರಾಯನ್, ಪಾಲಮಲೆ, ಚಿತ್ತೇರಿ ಬೆಟ್ಟಗಳು ಇನ್ನೂ ಬಾಕಿ.

ಕೊಂಡುಕೊಳ್ಳುವುದಕ್ಕೆ ಹಣ ಸಿಕ್ಕಿತೆನ್ನಿ. ಕಾಯುವುದು ಹೇಗೆ? ಸಾವಿರ ಪೆಟ್ಟಿಗೆ ಇದ್ದು, ಒಂದೊಂದನ್ನು ಎರಡು ವರ್ಷಕ್ಕೊಮ್ಮೆ ಮುಟ್ಟಿ ಸರಿಪಡಿಸಬೇಕೆಂದರೂ ವರ್ಷಕ್ಕೆ 500 ಸಲ ಕಾಡು ಹೊಕ್ಕಬೇಕು. ಆನೆ ಸೊಂಡಿಲಿನಿಂದ ಎಳೆಯುತ್ತದೆ, ಕೋತಿ ಕಿತ್ತು ಬಿಸಾಡುತ್ತದೆ, ಇರುವೆ ಒಳಗೆ ಗೂಡು ಕಟ್ಟುತ್ತದೆ. ಸೌರ ಫಲಕಕ್ಕೆ ಮರದ ನೆರಳು ಬೀಳುತ್ತದೆ.

ಇನ್ನು ಸುಳ್ಳು ಕರೆಗಳು. ಐದು ನಿಮಿಷಕ್ಕೊಂದು ಅಳತೆ ಎಂದರೆ ಒಂದು ಪೆಟ್ಟಿಗೆಯಿಂದ ದಿನಕ್ಕೆ 288. ಸಾವಿರ ಪೆಟ್ಟಿಗೆಯಿಂದ 2 ಲಕ್ಷ 88 ಸಾವಿರ. ಲಕ್ಷಕ್ಕೆ ಒಂದು ತಪ್ಪಿದರೂ ದಿನಕ್ಕೆ ಮೂರು ಸುಳ್ಳು ಕರೆ. ನೇರ ಬಿಸಿಲಿಗೆ ಕಾದ ಪೆಟ್ಟಿಗೆ, ಪಕ್ಕದ ಹೊಲದಲ್ಲಿ ಸುಟ್ಟ ಕಬ್ಬಿನ ಸೋಗೆ, ಘಾಟಿಯಲ್ಲಿ ಏದುಸಿರು ಬಿಡುವ ಲಾರಿಯ ಹೊಗೆ ಎಲ್ಲವೂ ಬೆಂಕಿಯ ಹಾಗೆ ಕಾಣಬಹುದು. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ನಾಲ್ಕನೆಯ ಸಲ ಯಾರೂ ಓಡುವುದಿಲ್ಲ, ಅದೇ ನಿಜವಾದ ಬೆಂಕಿಯಾಗಿರುತ್ತದೆ.

ಎಲ್ಲೆಡೆ ಬೇಡ, ಎಲ್ಲಿ ಹುಟ್ಟುತ್ತದೋ ಅಲ್ಲಿ

ಹಾಗಾದರೆ ಕೈಬಿಡುವುದೇ? ಅಲ್ಲ. ನಮ್ಮ ಕಾಡುಗಳಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಮನುಷ್ಯನ ಕೈ ಇರುವಲ್ಲೇ ಹುಟ್ಟುತ್ತದೆ: ಘಾಟಿ ರಸ್ತೆಯ ಅಂಚು, ಕಾಲುದಾರಿ, ದೇವಸ್ಥಾನದ ಬೆಟ್ಟ, ಹೊಲ–ಕಾಡು ಕೂಡುವ ಗಡಿ. ಸೇಲಂನಿಂದ ಏರ್ಕಾಡಿಗೆ ಹೋಗುವ ಘಾಟಿಯಲ್ಲಿ 20 ಹೇರ್‌ಪಿನ್ ತಿರುವುಗಳಿವೆ. ಬೆಟ್ಟವಿಡೀ ಹಾಕುವ ಬದಲು ಆ ರಸ್ತೆಯ ಬದಿಗೆ 100 ಮೀಟರಿಗೊಂದರಂತೆ ಹಾಕಿದರೆ 20 ಕಿಲೋಮೀಟರಿಗೆ 200 ಪೆಟ್ಟಿಗೆ ಸಾಕು. ರಸ್ತೆಯ ಪಕ್ಕದಲ್ಲೇ ಇರುವುದರಿಂದ ಬ್ಯಾಟರಿ ಬದಲಿಸುವುದೂ ಸುಲಭ.

ಯೋಜನೆಯ ಮೊದಲ ಕೆಲಸ ಆದ್ದರಿಂದ ಪೆಟ್ಟಿಗೆ ಕೊಳ್ಳುವುದಲ್ಲ, ಹತ್ತು ವರ್ಷಗಳ ಬೆಂಕಿಯ ನಕ್ಷೆ ಹರಡಿಕೊಂಡು ಕೂರುವುದು. ಉಪಗ್ರಹದ ಹಳೆಯ ದಾಖಲೆ ಸಿಗುತ್ತದೆ. ಅದರ ಪಕ್ಕದಲ್ಲಿ ಫೈರ್ ವಾಚರ್‌ಗಳನ್ನೂ ದನ ಕಾಯುವವರನ್ನೂ ಕೂರಿಸಿಕೊಂಡು ಕೇಳಿದರೆ ಗಾಳಿ ಯಾವ ತಿಂಗಳಲ್ಲಿ ಯಾವ ಕಣಿವೆಯಿಂದ ಏಳುತ್ತದೆ ಎಂಬುದು ಅವರಿಗೆ ಬಾಯಿಪಾಠ.

ಎತ್ತರದಿಂದ ನೋಡುವ ಕ್ಯಾಮೆರಾ ಮತ್ತೊಂದು ದಾರಿ. 2024ರಲ್ಲಿ ಮಹಾರಾಷ್ಟ್ರದ ಪೆಂಚ್ ಹುಲಿಧಾಮದಲ್ಲಿ ಬೆಟ್ಟದ ಮೇಲೆ ಕ್ಯಾಮೆರಾ ನಿಲ್ಲಿಸಿ, ಹೊಗೆಯನ್ನು ಕಂಪ್ಯೂಟರೇ ಗುರುತಿಸುವ ವ್ಯವಸ್ಥೆ ಮಾಡಿದರು. ಕ್ಯಾಮೆರಾ ದೂರ ನೋಡುತ್ತದೆ, ಆದರೆ ಬೆಟ್ಟದ ಮರೆಯದು ಕಾಣದು. ಸೆನ್ಸರ್ ಮರೆಯಲ್ಲೂ ಮೂಸುತ್ತದೆ, ಆದರೆ ದೂರದ್ದು ತಿಳಿಯದು. ಉಪಗ್ರಹ ಎಲ್ಲವನ್ನೂ ನೋಡುತ್ತದೆ, ಆದರೆ ತಡವಾಗಿ. ಮೂರನ್ನೂ ಜೋಡಿಸಿದರೆ ಒಂದರ ಕುಂದನ್ನು ಇನ್ನೊಂದು ಮುಚ್ಚುತ್ತದೆ.

ಪಕ್ಕದ ಕೇರಳದ ಮುನ್ನಾರ್‌ನಲ್ಲಿ ಭೂಕುಸಿತ ತಿಳಿಯಲು ಅಮೃತ ವಿಶ್ವವಿದ್ಯಾಲಯ ಹಾಕಿದ ವೈರ್‌ಲೆಸ್ ಸೆನ್ಸರ್ ಜಾಲದಿಂದ 2009ರ ಮಳೆಗಾಲದಲ್ಲಿ ಜನರಿಗೆ ಎಚ್ಚರಿಕೆ ಕೊಡಲು ಸಾಧ್ಯವಾಯಿತು. ಅಲ್ಲಿನ ಪಾಠ ಉಪಕರಣದ್ದಲ್ಲ. ಒಂದು ಸಂಸ್ಥೆ ಆ ಬೆಟ್ಟವನ್ನು ವರ್ಷಗಟ್ಟಲೆ ಬಿಡದೆ ನೋಡಿಕೊಂಡಿತು ಎಂಬುದೇ ಪಾಠ. ಸೇಲಂ, ಧರ್ಮಪುರಿ, ಕೃಷ್ಣಗಿರಿ ಸುತ್ತ ಎಂಜಿನಿಯರಿಂಗ್ ಕಾಲೇಜುಗಳಿಗೇನು ಬರವೇ?

ಎಚ್ಚರಿಕೆ ಯಾವ ಭಾಷೆಯಲ್ಲಿ?

ಗಡಿ ಕಾಡಿಗೆ ಇನ್ನೊಂದು ತೊಡಕು ಇದೆ. ಕಾವೇರಿಯ ಈ ದಡದಲ್ಲಿ ತಮಿಳುನಾಡಿನ ಕಾವೇರಿ ಉತ್ತರ ವನ್ಯಧಾಮ, ಆ ದಡದಲ್ಲಿ ಕರ್ನಾಟಕದ ಕಾವೇರಿ ವನ್ಯಧಾಮ. ತಳಿ ಕಡೆ ನದಿಯೂ ಇಲ್ಲ, ಬನ್ನೇರುಘಟ್ಟದವರೆಗೆ ನೆಲವೇ ಗಡಿ. ಬೆಂಕಿಗೆ ಚೆಕ್‌ಪೋಸ್ಟ್ ಇಲ್ಲ. ಆದರೆ ಸುದ್ದಿಗೆ ಇದೆ. ಒಂದು ರಾಜ್ಯದ ಕಚೇರಿಗೆ ಬಂದ ಕರೆ ಮೇಲಿನ ಅಧಿಕಾರಿ, ಅಲ್ಲಿಂದ ಆಚೆ ರಾಜ್ಯ, ಅಲ್ಲಿಂದ ಕೆಳಗಿನ ವಲಯ ಎಂದು ಸುತ್ತಿ ಬಂದರೆ ಉಳಿಸಿದ ಅರ್ಧ ಗಂಟೆ ಅಲ್ಲಿಯೇ ಮುಗಿಯಿತು.

ಅಂಚೆಟ್ಟಿ, ತಳಿ, ಡೆಂಕಣಿಕೋಟೆ ಕಡೆಯ ಹಳ್ಳಿಗಳಲ್ಲಿ ಕನ್ನಡ ಆಡುತ್ತಾರೆ. ಆಚೆ ಕರ್ನಾಟಕದ ಗೋಪಿನಾಥಂನಲ್ಲಿ ತಮಿಳು ಆಡುತ್ತಾರೆ. ಇಂಗ್ಲಿಷಿನಲ್ಲಿ ಅಕ್ಷಾಂಶ, ರೇಖಾಂಶ ಬರೆದ ಎಸ್‌ಎಂಎಸ್ ಇಬ್ಬರಿಗೂ ಕೆಲಸಕ್ಕೆ ಬಾರದು. ಎರಡೂ ಭಾಷೆಯಲ್ಲಿ, ಊರವರು ಕರೆಯುವ ಹಳ್ಳದ ಹೆಸರು, ಗುಡ್ಡದ ಹೆಸರು ಹೇಳುವ ದನಿ ಸಂದೇಶ ಬೇಕು. ಎರಡು ರಾಜ್ಯಗಳ ಗಡಿ ವಲಯಗಳಿಗೂ ಒಂದೇ ಹೊತ್ತಿಗೆ ಅದು ಹೋಗಬೇಕು. ಇದಕ್ಕೆ ಹೊಸ ಯಂತ್ರ ಬೇಕಿಲ್ಲ, ಎರಡು ಇಲಾಖೆಗಳ ನಡುವೆ ಒಂದು ಒಪ್ಪಂದ ಸಾಕು.

ಮೂಗೋ, ಕಣ್ಣೋ?

ಕಾಡಂಚಿನ ಜನರ ಮನಸ್ಸಿನಲ್ಲಿ ಒಂದು ಅಳುಕೂ ಇದೆ. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಆದೇಶವನ್ನು ಬದಲಿಸಿ ವನ್ಯಧಾಮ, ರಾಷ್ಟ್ರೀಯ ಉದ್ಯಾನ, ಹುಲಿಧಾಮಗಳಿಗೆ ಸೀಮಿತಗೊಳಿಸಿತು. ಆದರೆ ಅದೇ ವರ್ಷ ಕಾವೇರಿ ದಕ್ಷಿಣ, 2024ರಲ್ಲಿ ಬರಗೂರು ಬೆಟ್ಟದ ತಂದೈ ಪೆರಿಯಾರ್ ವನ್ಯಧಾಮ ಘೋಷಣೆಯಾದವು. ಕಾಡಿನಲ್ಲಿ ದನದ ಪಟ್ಟಿ ಹಾಕಿಕೊಂಡು ತಲೆಮಾರುಗಳಿಂದ ಬದುಕಿದ ಬರಗೂರಿನ ಕನ್ನಡಿಗರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಇಂಥಲ್ಲಿ ಮರಕ್ಕೆ ಪೆಟ್ಟಿಗೆ ಕಟ್ಟಿದರೆ ‘ಇದು ಬೆಂಕಿಗೋ, ನಮಗೋ?’ ಎಂದು ಕೇಳುವುದು ಸಹಜ.

ಅನುಮಾನಕ್ಕೆ ಆಧಾರವಿಲ್ಲದೆ ಇಲ್ಲ. ಉತ್ತರಾಖಂಡದ ಕಾರ್ಬೆಟ್ ಹುಲಿಧಾಮದಲ್ಲಿ ವನ್ಯಪ್ರಾಣಿಗಳಿಗೆಂದು ತಂದ ಕ್ಯಾಮೆರಾ, ಡ್ರೋನ್‌ಗಳು ಕಟ್ಟಿಗೆಗೆ ಹೋಗುವ ಹೆಂಗಸರ ಮೇಲೆ ಕಣ್ಣಿಡಲು ಬಳಕೆಯಾದವು ಎಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಬರೆದರು. ಹಾಗಾಗಿ ವ್ಯತ್ಯಾಸ ತಿಳಿದಿರಬೇಕು. ಅನಿಲ, ಉಷ್ಣತೆ ಅಳೆಯುವ ಪೆಟ್ಟಿಗೆಗೆ ಮೂಗಿದೆ, ಕಣ್ಣಿಲ್ಲ. ಅದು ಯಾರ ಮುಖವನ್ನೂ ಹಿಡಿಯದು. ಕ್ಯಾಮೆರಾ ಹಾಗಲ್ಲ. ಯಾವುದನ್ನು ಎಲ್ಲಿ ಹಾಕುತ್ತಾರೆ, ಚಿತ್ರ ಯಾರ ಬಳಿ ಎಷ್ಟು ದಿನ ಇರುತ್ತದೆ ಎಂಬುದನ್ನು ಗ್ರಾಮಸಭೆಯಲ್ಲಿ ಮೊದಲೇ ಹೇಳಬೇಕು. ಜನ ನಂಬಿದ ಪೆಟ್ಟಿಗೆ ಉಳಿಯುತ್ತದೆ. ನಂಬದ ಪೆಟ್ಟಿಗೆಗೆ ಕೋತಿಯೇ ಬೇಕೆಂದಿಲ್ಲ.

ಕೊನೆಗೆ ಕಾಲು ಬೇಕು

ಕೇಂದ್ರದ ಕಾಡ್ಗಿಚ್ಚು ತಡೆ ಮತ್ತು ನಿರ್ವಹಣೆ ಯೋಜನೆಯಲ್ಲಿ ನಮ್ಮಂಥ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40ರ ಪಾಲು ಹಾಕುತ್ತವೆ. ಹಣವಿದ್ದಾಗ ಹೊಳೆಯುವ ಉಪಕರಣದ ಮೇಲೆ ಆಸೆ ಬೇಗ ಹುಟ್ಟುತ್ತದೆ, ಉದ್ಘಾಟನೆಗೂ ಅದು ಚೆನ್ನ. ಬೇಸಿಗೆಯ ಮೂರು ನಾಲ್ಕು ತಿಂಗಳಿಗೆ ಕೂಲಿಗೆ ಬರುವ ಫೈರ್ ವಾಚರ್‌ಗೆ ಒಳ್ಳೆಯ ಬೂಟು, ನೀರಿನ ಕ್ಯಾನು, ವಿಮೆ, ತಿಂಗಳಿಗೆ ಸರಿಯಾಗಿ ಸಂಬಳ ಕೊಡುವುದಕ್ಕೆ ರಿಬ್ಬನ್ ಕತ್ತರಿಸಲು ಬರುವುದಿಲ್ಲ.

ಆದರೆ ಪೆಟ್ಟಿಗೆ ಬೆಂಕಿ ಆರಿಸುವುದಿಲ್ಲ. ಅದು ಬರೀ ಮೂಗು. ಹೊಗೆಯ ವಾಸನೆ ಐದು ನಿಮಿಷದಲ್ಲಿ ಸಿಕ್ಕಿ, ಓಡುವ ಕಾಲು ಎರಡು ಗಂಟೆ ದೂರದಲ್ಲಿದ್ದರೆ ಉಪಗ್ರಹಕ್ಕೂ ಪೆಟ್ಟಿಗೆಗೂ ಏನು ವ್ಯತ್ಯಾಸ? ಜಾಲದ ಪ್ರತಿ ಗೇಟ್‌ವೇಗೂ ಅರ್ಧ ಗಂಟೆ ನಡಿಗೆಯೊಳಗೆ ಒಂದು ತಂಡ ಇದೆಯೇ ಎಂಬುದೇ ಯೋಜನೆಯ ಮೊದಲ ಸಾಲಾಗಬೇಕು. ಮಾಘ ಕಳೆಯುವ ಮೊದಲು ಬೆಂಕಿ ರೇಖೆ ಕಡಿದು, ಕಾಡಂಚಿನ ಯುವಕರಿಗೆ ತರಬೇತಿ ಕೊಟ್ಟು, ‘ಬೆಂಕಿ’ ಎಂದು ಫೋನ್ ಮಾಡಿದವನನ್ನೇ ಮೊದಲ ಆರೋಪಿ ಮಾಡುವುದಿಲ್ಲ ಎಂದು ಮಾತು ಕೊಟ್ಟರೆ, 200 ಪೆಟ್ಟಿಗೆಗಳ ಜೊತೆಗೆ ಸಾವಿರಾರು ಮೂಗು, ಕಣ್ಣು, ಕಾಲುಗಳು ಸಂಬಳವಿಲ್ಲದೆಯೇ ಜಾಲಕ್ಕೆ ಸೇರುತ್ತವೆ. ಅವುಗಳ ಬ್ಯಾಟರಿ ಮುಗಿಯುವುದಿಲ್ಲ.